ಇನ್ನೊಬ್ಬನಿಗೆ ತೋರಿಸಿದ ಕೈ

ಹೆಂಡತಿ ಪರಗಂಡಸಿನ ಜೊತೆ ನಕ್ಕು ಮಾತಾಡಿದರೆ ಗಂಡನಿಗೆ ಹೊಟ್ಟೆ ಉರಿಯುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಬಂದರಿನ ಕ್ರೇನ್ ಆಪರೇಟರ್ ಮೇಷ್ಟ್ರಿಗೆ ಹೊಟ್ಟೆ ಉರಿದದ್ದು ಸಿಗ್ನಲ್ ಕೊಡುವ ಮೂಕಪ್ಪ ಇನ್ನೊಬ್ಬನಿಗೆ ಕೈ ತೋರಿಸಿದಾಗ. ಇದನ್ನು ಯಾರ ಹತ್ತಿರ ಹೇಳಿಕೊಳ್ಳುವುದು? ಹೆಂಡತಿಯ ಹತ್ತಿರ ಬಾಯಿ ಬಿಡುವ ಹಾಗಿರಲಿಲ್ಲ. ಆ ಇನ್ನೊಬ್ಬ ಅವಳ ಒಡಹುಟ್ಟಿದ ತಮ್ಮ.

ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಕ್ರೇನ್ ಕಲಿಯಲು ಬಂದವರನ್ನು ಮಗ್ಗಿ ತಪ್ಪಿದ ಮಕ್ಕಳನ್ನು ಬೈದ ಹಾಗೆ ಬೈಯುತ್ತಿದ್ದರು, ಅದಕ್ಕೆ ದಕ್ಕೆಯ, ಎಂದರೆ ಹಡಗುಕಟ್ಟೆಯ, ಜನ ಇಟ್ಟ ಹೆಸರು ಅದು. ಮೂಕಪ್ಪನ ಹೆಸರೂ ಅಂಥದ್ದೇ. ನೆಲದ ಮೇಲೆ ಕಾಲಿಟ್ಟರೆ ಅವನ ಬಾಯಿಗೆ ಬೀಗವಿರಲಿಲ್ಲ. ಹಡಗು ಹತ್ತಿದನೆಂದರೆ ಮಾತ್ರ ಬಾಯಿ ಮುಚ್ಚಿ ಕೈ ತೆರೆಯುತ್ತಿದ್ದ.

ಕೆಲಸವೇ ಹಾಗೆ. ಹಡಗಿನ ಕ್ರೇನಿನ ಕ್ಯಾಬಿನ್ ತೆಂಗಿನ ಮರದಷ್ಟು ಎತ್ತರದಲ್ಲಿರುತ್ತದೆ. ಸರಕು ಇಳಿಯುವ ಹೊಂಡ ಹಡಗಿನ ಹೊಟ್ಟೆಯೊಳಗೆ, ಅಷ್ಟೇ ಆಳಕ್ಕೆ. ಮೇಲೆ ಕೂತವನಿಗೆ ಹೊಂಡದ ಬಾಯಿ ಕಾಣುತ್ತದೆ, ತಳ ಕಾಣುವುದಿಲ್ಲ. ತಳದಲ್ಲಿ ಹಮಾಲರು ಇರುತ್ತಾರೆ. ಹೊಂಡದ ಅಂಚಿನಲ್ಲಿ ನಿಂತು ಕೆಳಗೆ ಇಣುಕಿ, ಇಳಿಸು, ನಿಲ್ಲಿಸು, ಎಡಕ್ಕೆ, ಬಲಕ್ಕೆ ಎಂದು ಕೈಯಲ್ಲಿ ಹೇಳುವವನೇ ಸಿಗ್ನಲ್‌ನವನು. ವಾಕಿಟಾಕಿ ಎಲ್ಲರ ಸೊಂಟದಲ್ಲೂ ಇತ್ತು. ಆದರೆ ಅದರಲ್ಲಿ ಗಾಳಿಯ ಸದ್ದು, ಪಕ್ಕದ ಹಡಗಿನವರ ಜಗಳ, ಲಾರಿ ಬರಲಿಲ್ಲ ಎಂಬ ಗೊಣಗಾಟ ಎಲ್ಲ ಕಲಸಿಕೊಂಡು ಬರುತ್ತಿತ್ತು. ಆದ್ದರಿಂದ ಈ ದಕ್ಕೆಯಲ್ಲಿ ಕೈ ಹೇಳಿದ್ದೇ ಕೊನೆಯ ಮಾತು.

ಮೇಷ್ಟ್ರೂ ಮೂಕಪ್ಪನೂ ಜೊತೆಯಾಗಿ ಕೆಲಸ ಮಾಡುತ್ತ ಮಾಡುತ್ತ ಇಬ್ಬರ ತಲೆಯೂ ನರೆತಿತ್ತು. ಶೆಡ್ಡಿನ ಗೋಡೆಗೆ ಅಂಟಿಸಿದ ಚಿತ್ರದಲ್ಲಿರುವ ಸನ್ನೆಗಳನ್ನು ಅವರು ಯಾವತ್ತೋ ಕೈಬಿಟ್ಟು ತಮ್ಮದೇ ಭಾಷೆ ಮಾಡಿಕೊಂಡಿದ್ದರು. ಮೂಕಪ್ಪ ಕಿವಿ ಕೆರೆದುಕೊಂಡರೆ ದೊಡ್ಡ ಅಲೆ ಬರುತ್ತಿದೆ, ತಡಿ ಎಂದರ್ಥ. ಮೊಣಕೈ ತಟ್ಟಿದರೆ ಸಮುದ್ರದ ಕಡೆಗೆ ಒಂದಿಷ್ಟು. ಕೊನೆಯ ಒಂದು ಗೇಣು ಮೆಲ್ಲನೆ ಇಳಿಸಬೇಕಾದರೆ ಮಗುವನ್ನು ತಟ್ಟಿ ಮಲಗಿಸುವ ಹಾಗೆ ಗಾಳಿಯಲ್ಲಿ ಅಂಗೈ ಆಡಿಸುತ್ತಿದ್ದ. ಆ ತಟ್ಟುವಿಕೆಗೆ ಮೇಷ್ಟ್ರ ಕೈ ಲಿವರಿನ ಮೇಲೆ ತಾನಾಗಿಯೇ ಸರಿಯುತ್ತಿತ್ತು. ಯೋಚನೆ ಮಾಡಿ ಮಾಡುವ ಕೆಲಸವಾಗಿರಲಿಲ್ಲ ಅದು.

ಹೀಗಿರುವಾಗ ಭಾಮೈದ ಬಂದ. ಅವನನ್ನು ಬಂದರಿಗೆ ಸೇರಿಸಿದ್ದು ಮೇಷ್ಟ್ರೇ, ಲಿವರ್ ಹಿಡಿಯಲು ಕಲಿಸಿದ್ದೂ ಅವರೇ. ಅವನಿಗೆ ಲೈಸೆನ್ಸ್ ಸಿಕ್ಕಿದ ಮೇಲೆ ಒಂದು ಬೆಳಿಗ್ಗೆ ಫೋರ್‌ಮನ್ ಶೆಡ್ಡಿನ ಮುಂದೆ ನಿಂತು ಕೆಲಸ ಹಂಚಿದರು.

"ಎರಡನೇ ಹೊಂಡಕ್ಕೆ ಹೊಸ ಆಪರೇಟರ್. ಜೊತೆಗೆ ಮೂಕಪ್ಪ. ಮೂರನೇದಕ್ಕೆ ಮೇಷ್ಟ್ರು, ಜೊತೆಗೆ ಹಗ್ಗದಣ್ಣ."

ಹೊಸ ಆಪರೇಟರಿಗೆ ಹಳೆಯ ಸಿಗ್ನಲ್‌ನವನನ್ನು ಕೊಡುವುದು ಅಲ್ಲಿನ ಪದ್ಧತಿ. ಮೇಷ್ಟ್ರಿಗೂ ಗೊತ್ತಿತ್ತು. ಅವರನ್ನು ಚುಚ್ಚಿದ್ದು ಪದ್ಧತಿಯಲ್ಲ. ಮೂಕಪ್ಪ ಒಂದು ನಿಟ್ಟುಸಿರನ್ನೂ ಬಿಡದೆ, "ಆಗ್ಲಿ ಬಿಡಿ ಸಾರ್" ಅಂದದ್ದು. ಹಾಗೆ ಅಂದವನೇ ಭಾಮೈದನ ಹೆಗಲಿಗೆ ಕೈ ಹಾಕಿಕೊಂಡು ಹೊರಟೂ ಹೋದ.

ಚಹಾದ ಹೊತ್ತಿಗೆ ಮೇಷ್ಟ್ರು ಕೇಳಿಯೇಬಿಟ್ಟರು.

"ಏನಯ್ಯಾ, ಬಲು ಖುಷಿಯಾಗಿದ್ದೀಯ?"

"ಯಾಕಾಗಬಾರದು? ನೀನೇ ತಾನೆ ಹೇಳಿದ್ದು, ನನ್ನ ಭಾಮೈದ, ಸ್ವಲ್ಪ ನೋಡ್ಕೋ ಅಂತ. ನೋಡ್ಕೊಳ್ತಿದ್ದೀನಿ."

"ನೋಡ್ಕೋ ಅಂದೆ. ತೊಡೆ ಮೇಲೆ ಕೂರಿಸ್ಕೋ ಅನ್ನಲಿಲ್ಲ."

ಮೂಕಪ್ಪ ಗಹಗಹಿಸಿ ನಕ್ಕ. ಮೇಷ್ಟ್ರು ತಮಾಷೆ ಮಾಡಿದರು ಎಂದುಕೊಂಡ.

ಹಗ್ಗದಣ್ಣ ಹಡಗು ಕಟ್ಟುವ ಹಗ್ಗದ ಗುಂಪಿನಲ್ಲಿದ್ದವನು. ಹಗ್ಗ ಎಳೆದೂ ಎಳೆದೂ ಸೊಂಟ ಕೈಕೊಟ್ಟಿದ್ದರಿಂದ ಸಿಗ್ನಲ್ ಕೆಲಸ ಕಲಿತು ಡೆಕ್ಕಿಗೆ ಬಂದಿದ್ದ. ಚಿತ್ರದಲ್ಲಿ ಹೇಗಿದೆಯೋ ಹಾಗೆಯೇ, ಒಂದಿಷ್ಟೂ ಆಚೀಚೆ ಇಲ್ಲದೆ ಕೈ ತೋರಿಸುತ್ತಿದ್ದ. ತಪ್ಪೇನಿರಲಿಲ್ಲ. ಮೇಷ್ಟ್ರಿಗೆ ಮಾತ್ರ ಅದನ್ನು ನೋಡಿದರೆ ಮೈ ಉರಿಯುತ್ತಿತ್ತು.

"ನಿನ್ನ ಸಿಗ್ನಲ್ ನೋಡಿದ್ರೆ ಎದ್ದು ನಿಂತು ಸಲ್ಯೂಟ್ ಹೊಡೀಬೇಕು ಅನ್ಸುತ್ತೆ ಮಾರಾಯ," ಅಂದರು ಒಂದು ದಿನ.

"ಕಲೀತೀನಿ ಮೇಷ್ಟ್ರೇ," ಅಂದ ಹಗ್ಗದಣ್ಣ, ಬೇಸರ ಮಾಡಿಕೊಳ್ಳದೆ. ಬೇಸರ ಮಾಡಿಕೊಂಡಿದ್ದರೆ ಮೇಷ್ಟ್ರಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಎರಡನೇ ಹೊಂಡವೂ ಮೂರನೇ ಹೊಂಡವೂ ಅಕ್ಕಪಕ್ಕ. ಕ್ಯಾಬಿನ್ನಿನ ಪಕ್ಕದ ಗಾಜಿನಿಂದ ಮೂಕಪ್ಪ ಚೆನ್ನಾಗಿ ಕಾಣುತ್ತಿದ್ದ. ಹಗ್ಗದಣ್ಣನನ್ನು ನೋಡುತ್ತಲೇ ಮೇಷ್ಟ್ರ ಕಣ್ಣು ಅತ್ತ ಜಾರುತ್ತಿತ್ತು. ಮೊದಲು ಮೂಕಪ್ಪ ಚಿತ್ರದ ಸನ್ನೆಗಳನ್ನೇ ಮಾಡುತ್ತಿದ್ದ. ಅಷ್ಟಾದರೂ ಮರ್ಯಾದೆ ಇಟ್ಟುಕೊಂಡಿದ್ದಾನಲ್ಲ ಎಂದು ಮೇಷ್ಟ್ರು ತಾಳಿಕೊಂಡರು. ಆಮೇಲೊಂದು ದಿನ ಅವನು ಭಾಮೈದನ ಕಡೆಗೆ ಕಿವಿ ಕೆರೆದುಕೊಂಡ. ಭಾಮೈದನ ಕ್ರೇನಿನ ಕೊಕ್ಕೆ ತಟ್ಟನೆ ನಿಂತಿತು. ಅಲೆ ದಾಟಿತು. ಮತ್ತೆ ಇಳಿಯಿತು. ಮೇಷ್ಟ್ರಿಗೆ ತಮ್ಮ ಮನೆಯ ಕಪಾಟನ್ನು ಯಾರೋ ತೆಗೆದು ತಮ್ಮ ಬಟ್ಟೆ ಹಾಕಿಕೊಂಡು ಓಡಾಡಿದ ಹಾಗಾಯಿತು.

ಮನೆಯಲ್ಲೂ ಬಿಡುವಿರಲಿಲ್ಲ. ಭಾಮೈದ ಎದುರು ಮನೆಯಲ್ಲೇ ಬಾಡಿಗೆಗಿದ್ದ. ಊಟ ಮಾತ್ರ ಅಕ್ಕನ ಕೈಯದೇ ಆಗಬೇಕು. ಅವನು ಉಂಡು ಎದ್ದು ಹೋದ ಮೇಲೆ ಅಕ್ಕ ತಟ್ಟೆ ತೆಗೆಯುತ್ತ ಹೇಳಿದಳು:

"ಕೇಳಿದ್ರಾ? ಮೂಕಪ್ಪಣ್ಣ ಇವನಿಗೆ ಹೇಳಿದ್ರಂತೆ, ನಿನ್ನ ಕೈ ಬೆಣ್ಣೆ ಕಣೋ ಅಂತ."

"ಬೆಣ್ಣೆ ಕೈಯಲ್ಲಿ ಹಿಡಿದದ್ದೆಲ್ಲ ಜಾರುತ್ತೆ."

"ನಿಮ್ಮದೊಂದು ಕೊಂಕು."

"ನನಗೆ ಒಂದು ದಿನಾನೂ ಹೇಳಿಲ್ಲ ಅವನು, ಬೆಣ್ಣೆ ಅಂತಲೋ ಸುಣ್ಣ ಅಂತಲೋ."

"ನಿಮಗೇನು ಹೇಳೋದು? ದಿನಾ ತೆಗೆದು ಹಾಕೋ ಬಾಗಿಲಿಗೆ ಯಾರಾದ್ರೂ ಶಾಭಾಷ್ ಅಂತಾರಾ?" ಅಂದಳು ಹೆಂಡತಿ. ಅವಳು ಹೊಗಳಿಕೆ ಎಂದೇ ಹೇಳಿದ್ದು. ಮೇಷ್ಟ್ರು ಬೆನ್ನು ಹಾಕಿ ಮಲಗಿಬಿಟ್ಟರು.

ಮಾರನೆಯ ವಾರ ಹವಾಮಾನ ಕೆಟ್ಟಿತು. ಹೊರಗೆ ಲಂಗರು ಹಾಕಿ ಕಾಯುತ್ತಿದ್ದ ಹಡಗುಗಳು ದಡದಿಂದ ನೋಡುವವರಿಗೂ ಕಾಣುವಂತೆ ತೊನೆದಾಡುತ್ತಿದ್ದವು. ಬಂದರಿನ ಬಾಯಲ್ಲಿ ಅಲೆ ಏಳುತ್ತಿತ್ತು. ಸಂಜೆಯ ಉಬ್ಬರ ಕಳೆದ ಮೇಲೆ ಯಾವ ಹಡಗೂ ಒಳಗೆ ಬರುವ ಹಾಗಿಲ್ಲ, ಹೊರಗೆ ಹೋಗುವ ಹಾಗೂ ಇಲ್ಲ ಎಂದು ಕಂಟ್ರೋಲ್ ಟವರಿನಿಂದ ಹೇಳಿಕೆ ಬಂತು. ಮೇಷ್ಟ್ರು ಕೆಲಸ ಮಾಡುತ್ತಿದ್ದ ಹಡಗಿಗೆ ಉಕ್ಕಿನ ಸುರುಳಿಗಳನ್ನು ತುಂಬುವುದು ಇನ್ನೂ ಬಾಕಿ ಇತ್ತು. ಅದು ಸಂಜೆಯ ಉಬ್ಬರದಲ್ಲಿ ಹೊರಡಲೇಬೇಕು. ದಾರಿ ತೋರಿಸಿ ಹೊರಗೆ ಬಿಡುವ ಪೈಲಟ್ಟನ್ನೂ ಎಳೆಯುವ ಟಗ್ಗು ದೋಣಿಗಳನ್ನೂ ಆಗಲೇ ಗೊತ್ತುಮಾಡಿ ಆಗಿತ್ತು. ಹೊರಡದಿದ್ದರೆ ಹವೆ ತಿಳಿಯಾಗುವವರೆಗೆ ದಕ್ಕೆಗೆ ಮೈ ಉಜ್ಜಿಕೊಂಡು ನಿಂತಿರಬೇಕು. ಫೋರ್‌ಮನ್ ಕಾಲು ಸುಟ್ಟ ಬೆಕ್ಕಿನ ಹಾಗೆ ಓಡಾಡುತ್ತಿದ್ದರು.

ಉಕ್ಕಿನ ಹಾಳೆಯನ್ನು ಸುತ್ತಿದ ಸುರುಳಿ ಎಂದರೆ ಒಂದೊಂದೂ ಆನೆಗಿಂತ ಭಾರ. ಅದನ್ನು ನೆಲಕ್ಕೆ ಮುಟ್ಟಿಸುವ ಮೊದಲು ಒಂದಾಳೆತ್ತರದಲ್ಲಿ ನಿಲ್ಲಿಸಬೇಕು. ಸುರುಳಿ ಉರುಳದಂತೆ ಹಮಾಲರು ಕೆಳಗೆ ಮರದ ತುಂಡುಗಳನ್ನು ಜೋಡಿಸಿ ಪಕ್ಕಕ್ಕೆ ಸರಿಯುತ್ತಾರೆ. ಆಮೇಲೆ ಇಳಿಸಬೇಕು.

ಮೂರನೇ ಹೊಂಡದಲ್ಲಿ ಮೇಷ್ಟ್ರು ಸುರುಳಿಯನ್ನು ನಿಲ್ಲಿಸಿದ್ದರು. ಕೆಳಗೆ ಇಬ್ಬರು ಹಮಾಲರು ಬಗ್ಗಿ ಮರ ಜೋಡಿಸುತ್ತಿದ್ದರು. ಹಗ್ಗದಣ್ಣ ಕೈಯನ್ನು ಅಡ್ಡಕ್ಕೆ ಚಾಚಿ, ನಿಲ್ಲು, ನಿಲ್ಲು ಎಂದು ಕಂಬದ ಹಾಗೆ ನಿಂತಿದ್ದ. ಕಂಬವನ್ನು ಎಷ್ಟು ಹೊತ್ತು ನೋಡುವುದು? ಮೇಷ್ಟ್ರ ಕಣ್ಣು ಪಕ್ಕಕ್ಕೆ ಹೋಯಿತು.

ಎರಡನೇ ಹೊಂಡದ ಅಂಚಿನಲ್ಲಿ ಮೂಕಪ್ಪ ಅಂಗೈ ಬಿಚ್ಚಿದ. ಮೇಷ್ಟ್ರು ನೋಡುತ್ತಿದ್ದ ಹಾಗೆಯೇ ಗಾಳಿಯಲ್ಲಿ ಮೆಲ್ಲಗೆ ತಟ್ಟತೊಡಗಿದ. ಭಾಮೈದನ ಕಡೆಗೆ. ಇದನ್ನೂ ಕೊಟ್ಟುಬಿಟ್ಟನಾ ಇವನು, ಇದನ್ನೂ? ಎದೆಯೊಳಗೆ ಕೆಂಡ ಬಿದ್ದ ಹಾಗಾಯಿತು. ಮೇಷ್ಟ್ರ ಮನಸ್ಸು ಅಲ್ಲಿ ಉರಿಯುತ್ತಿರುವಾಗ ಅವರ ಕೈ ತನಗೆ ಗೊತ್ತಿದ್ದ ಕೆಲಸ ಮಾಡಿತು. ಲಿವರ್ ಸರಿಯಿತು.

ಒಂದೇ ಅಂಗೈಗೆ ಎರಡು ಕೊಕ್ಕೆಗಳು ಒಟ್ಟಿಗೆ ಇಳಿದವು.

ಹೊಂಡದಿಂದ ಕೂಗು ಎದ್ದಿತು. ಹಗ್ಗದಣ್ಣ ಎರಡೂ ಕೈ ಬೀಸಿ ಕಿರುಚಿದ. ಮೇಷ್ಟ್ರು ಅವನನ್ನು ನೋಡುತ್ತಿರಲೇ ಇಲ್ಲ. ಕೂಗು ಕೇಳಿ ತಲೆಯೆತ್ತಿದ ಮೂಕಪ್ಪ ಪಕ್ಕದ ಕ್ರೇನಿನ ಹಗ್ಗವೂ ಇಳಿಯುತ್ತಿರುವುದನ್ನು ಕಂಡ. ಮರುಕ್ಷಣವೇ ಎರಡೂ ತೋಳು ಅಗಲಿಸಿ ನಿಂತ. ಆ ಸನ್ನೆಯನ್ನು ಯಾರು ಮಾಡಿದರೂ ಎಲ್ಲ ಕ್ರೇನೂ ನಿಲ್ಲಬೇಕು. ಎರಡೂ ನಿಂತವು.

ಮೂರನೇ ಹೊಂಡದಲ್ಲಿ ಮರದ ತುಂಡು ಹಪ್ಪಳವಾಗಿತ್ತು. ಹಮಾಲರಿಬ್ಬರು ಹಡಗಿನ ಗೋಡೆಗೆ ಬೆನ್ನಂಟಿಸಿ ನಿಂತಿದ್ದರು. ಒಬ್ಬನ ಅಂಗಿಯ ತೋಳು ಹರಿದಿತ್ತು, ತೋಳಿಗೆ ಏನೂ ಆಗಿರಲಿಲ್ಲ.

ಎಲ್ಲರೂ ಡೆಕ್ಕಿನ ಮೇಲೆ ಸೇರಿದರು. ಮೇಷ್ಟ್ರು ಏಣಿ ಇಳಿದು ಬಂದರು. ಫೋರ್‌ಮನ್ ಕೂಗಾಡಲಿಲ್ಲ. ಅವರು ಕೂಗಾಡದೆ ಇದ್ದದ್ದನ್ನು ಅಲ್ಲಿ ಯಾರೂ ನೋಡಿರಲಿಲ್ಲ.

"ಏನಾಯ್ತು ಮೇಷ್ಟ್ರೇ?"

"ಬ್ರೇಕು... ಸ್ವಲ್ಪ ಜಾರಿದ ಹಾಗಾಯ್ತು."

"ಬ್ರೇಕಾ? ಹಾಗಾದ್ರೆ ಕ್ರೇನ್ ಬಿಚ್ಚಬೇಕು. ಬಿಚ್ಚಿ ನೋಡೋದ್ರೊಳಗೆ ಉಬ್ಬರ ಹೋಗುತ್ತೆ. ಹಡಗು ಇಲ್ಲೇ." ಅವರು ಹಗ್ಗದಣ್ಣನ ಕಡೆ ತಿರುಗಿದರು. "ಅಥವಾ ನೀನೇನಾದ್ರೂ ಇಳಿಸು ಅಂದ್ಯಾ?"

"ಇಲ್ಲ ಸಾರ್. ಕೈ ಅಡ್ಡ ಹಿಡ್ಕೊಂಡೇ ಇದ್ದೆ."

"ಬ್ರೇಕ್ ಸರಿ ಇದ್ದು, ಸಿಗ್ನಲ್ಲೂ ಸರಿ ಇದ್ರೆ ಸುರುಳಿ ತಾನಾಗೇ ಇಳೀತಾ? ನೆನಪು ಮಾಡ್ಕೊಂಡು ಹೇಳು. ತಪ್ಪು ನಿಂದಾದ್ರೆ ನಾಳೆಯಿಂದ ಮತ್ತೆ ಹಗ್ಗಕ್ಕೆ ಹೋಗ್ತೀಯ."

ಹಗ್ಗದಣ್ಣ ಸೊಂಟದ ಮೇಲೆ ಕೈಯಿಟ್ಟುಕೊಂಡು ಮೇಷ್ಟ್ರನ್ನು ನೋಡಿದ. ಮೇಷ್ಟ್ರು ಸಮುದ್ರ ನೋಡಿದರು. ನಿಜ ಹೇಳಬೇಕು ಎಂದು ಗೊತ್ತಿತ್ತು. ಆದರೆ ಏನೆಂದು ಹೇಳುವುದು? ಪಕ್ಕದ ಹೊಂಡದ ಸಿಗ್ನಲ್‌ನವನ ಕೈಯನ್ನೇ ನೋಡುತ್ತ ಕೂತಿದ್ದೆ ಎಂದೇ? ಕೆಲಸ ಹೋದರೂ ಸಹಿಸಬಹುದು, ಈ ದಕ್ಕೆಯ ನಗುವನ್ನು ಸಹಿಸುವುದು ಹೇಗೆ? ಮೂಕಪ್ಪ ಅಲ್ಲೇ ಇದ್ದ. ಜೀವನದಲ್ಲಿ ಮೊದಲ ಸಲ ನೆಲದ ಮೇಲೂ ಮೂಕನಾಗಿ ತನ್ನ ಅಂಗೈ ನೋಡಿಕೊಳ್ಳುತ್ತಿದ್ದ. ಅವನಿಗೆ ಎಲ್ಲ ಗೊತ್ತಾಗಿತ್ತು.

ಆಗ ಭಾಮೈದ ಮುಂದೆ ಬಂದ.

"ಸಾರ್, ಅಲೆ ಬಂತು. ಹಡಗು ಒಂದ್ಸಲ ಹೊಯ್ದಾಡ್ತು. ನನ್ನ ಕೊಕ್ಕೇನೂ ಇಳೀತು ನೋಡಿ. ಭಾವನ ತಪ್ಪಲ್ಲ, ಹಗ್ಗದಣ್ಣನ ತಪ್ಪೂ ಅಲ್ಲ."

ಫೋರ್‌ಮನ್ ಯೋಚಿಸಿದರು. ಅಲೆ ಎಂದರೆ ಎಲ್ಲರಿಗೂ ಒಳ್ಳೆಯದು. ಕ್ರೇನ್ ಬಿಚ್ಚಬೇಕಾಗಿಲ್ಲ, ಯಾರನ್ನೂ ಕಳಿಸಬೇಕಾಗಿಲ್ಲ, ಹಡಗು ಹೊರಡುತ್ತದೆ. "ಹೂಂ, ಈ ಹವೆಯಲ್ಲಿ ಆಗಬಹುದು," ಅಂದರು.

ಮೇಷ್ಟ್ರು ಬಚಾವಾಗಿದ್ದರು. ಬಾಯಿ ಮುಚ್ಚಿಕೊಂಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಭಾಮೈದ ಅವರ ಕಡೆ ತಿರುಗಿ, ನಾನಿದ್ದೀನಿ ಬಿಡಿ ಎನ್ನುವ ಹಾಗೆ ಕಣ್ಣಲ್ಲೇ ಧೈರ್ಯ ಹೇಳಿದ. ಅಷ್ಟೇ ಸಾಕಾಯಿತು. ಮೂಕಪ್ಪನನ್ನು ತೆಗೆದುಕೊಂಡ, ಸನ್ನೆ ತೆಗೆದುಕೊಂಡ, ಈಗ ನನ್ನನ್ನು ಕಾಪಾಡುವುದಕ್ಕೂ ಇವನೇ ಬೇಕೆ? ಇನ್ನು ಮನೆಯಲ್ಲಿ ಊಟಕ್ಕೆ ಕೂತಾಗಲೆಲ್ಲ ಎದುರಿಗೆ ಈ ಉಪಕಾರವೂ ಕೂತಿರುತ್ತದೆ.

"ಅಲೇನೂ ಇಲ್ಲ, ಗಿಲೇನೂ ಇಲ್ಲ!" ಎಂದು ಮೇಷ್ಟ್ರು ಸಿಡಿದರು. "ಹಗ್ಗದಣ್ಣ ಸರಿಯಾಗೇ ಕೈ ಹಿಡಿದಿದ್ದ. ಬ್ರೇಕ್ ನೆಟ್ಟಗಿದೆ. ನಾನು ಮೂಕಪ್ಪನ್ನ ನೋಡ್ತಿದ್ದೆ. ಅವನು ಇವನಿಗೆ ಇಳಿಸು ಅಂದ. ನಾನು ಇಳಿಸ್ದೆ."

"ಮೂಕಪ್ಪನ್ನ ಯಾಕೆ ನೋಡ್ತಿದ್ರಿ?"

"ಹೊಟ್ಟೆಕಿಚ್ಚಿಗೆ!"

ಹಿಂದುಗಡೆ ಯಾರೋ ಪುಸಕ್ಕೆಂದರು. ಅದು ಹಬ್ಬಿ ಇಡೀ ಡೆಕ್ ನಕ್ಕಿತು. "ಸವತಿ ಕಾಟ ಕಣ್ರೋ," ಅಂದ ಗದ್ದಲ ಕೇಳಿ ಹತ್ತಿ ಬಂದಿದ್ದ ಒಬ್ಬ ಲಾರಿಯವನು. ಮೇಷ್ಟ್ರ ಕಿವಿ ಕೆಂಪಾದವು. ನಗದೆ ಇದ್ದವರು ಹೊಂಡದಿಂದ ಹತ್ತಿ ಬಂದ ಹಮಾಲರಿಬ್ಬರು.

"ನಗೋದು ಆಮೇಲೆ ಇಟ್ಕೊಳ್ಳಿ," ಅಂದ ಅಂಗಿ ಹರಿದವನು. "ನಮ್ಮ ಹೊಂಡದ ಮೇಲೆ ಮೂಕಪ್ಪಣ್ಣ ನಿಂತ್ರೆ ಇಳೀತೀವಿ. ಇಲ್ಲಾಂದ್ರೆ ಇಲ್ಲ."

ಫೋರ್‌ಮನ್ ಮುಖ ಒರೆಸಿಕೊಂಡರು. ಹೊತ್ತು ಹೋಗುತ್ತಿತ್ತು.

"ಸರಿ. ಮೇಷ್ಟ್ರೇ, ಇವತ್ತು ನೀವು ಮೇಲೆ ಹತ್ತಬೇಡಿ. ಮುಂದೇನು ಅಂತ ನಾಳೆ ಮಾತಾಡೋಣ. ನಿಮ್ಮ ಕ್ರೇನಿಗೆ ಬದಲಿ ಆಪರೇಟರ್ ಹೋಗ್ತಾನೆ, ಜೊತೆಗೆ ಮೂಕಪ್ಪ. ಹಗ್ಗದಣ್ಣ, ನೀನು ಚಹಾ ಕುಡಿದು, ಸ್ವಲ್ಪ ಸುಧಾರಿಸ್ಕೊಂಡು ಬಾ. ಎರಡನೇ ಹೊಂಡಕ್ಕೆ ಸಿಗ್ನಲ್ ಕೊಡೋಕೆ ಜನ ಇಲ್ಲ." ಅವರು ಮೇಷ್ಟ್ರನ್ನು ಮೇಲಿಂದ ಕೆಳಗೆ ನೋಡಿದರು. "ನೀವು ಮೊದಲು ಡೆಕ್ಕಿನಲ್ಲೇ ಇದ್ದವರಲ್ವಾ? ಭಾಮೈದನಿಗೆ ನೀವೇ ಕೊಡಿ. ಹೊಂಡ ನೋಡ್ತಿದ್ರೆ ಬೇರೆ ಯಾರನ್ನೂ ನೋಡೋಕೆ ಪುರುಸೊತ್ತಿರಲ್ಲ."

ಮೇಷ್ಟ್ರು ಹೊಂಡದ ಅಂಚಿಗೆ ಹೋಗಿ ನಿಂತರು. ಹೊಸದಾಗಿ ಕೆಲಸಕ್ಕೆ ಸೇರಿದಾಗ ಹೀಗೆ ನಿಂತಿದ್ದು. ಮೇಲೆ ಹತ್ತಿ ಕೂತ ಮೇಲೆ ಮರೆತೇಹೋಗಿತ್ತು. ಕೆಳಗೆ ಇಣುಕಿದರು. ಕತ್ತಲೆಯಲ್ಲಿ ಎರಡು ಮುಖ ಮೇಲಕ್ಕೆತ್ತಿ ಅವರನ್ನೇ ನೋಡುತ್ತಿದ್ದವು. ಪಕ್ಕದ ಹೊಂಡದಲ್ಲಿ ಆದದ್ದು ಆ ಮುಖಗಳಿಗೆ ಆಗಲೇ ಗೊತ್ತಾಗಿತ್ತು.

ಸುರುಳಿ ತಲೆಯ ಮೇಲಿಂದ ಬಂತು. ಮೇಷ್ಟ್ರು ಕೈ ಎತ್ತಿ ನಿಲ್ಲಿಸಿದರು. ಹಮಾಲರು ಬಗ್ಗಿದರು. ಒಬ್ಬನ ಬೋಳು ತಲೆ, ಇನ್ನೊಬ್ಬನ ಬೆವರಿನ ಬೆನ್ನು. ಒಂದು ಮರದ ತುಂಡು ಕೂರುತ್ತಿರಲಿಲ್ಲ. ಬೋಳುತಲೆಯವನು ಅದನ್ನು ತೆಗೆದು ತಿರುಗಿಸಿ ಮತ್ತೆ ಇಟ್ಟ. ಪಕ್ಕಕ್ಕೆ ಸರಿಯಪ್ಪ, ಬೇಗ ಸರಿ, ಎಂದು ಮೇಷ್ಟ್ರ ಮನಸ್ಸು ಹೇಳುತ್ತಿತ್ತು. ಇಬ್ಬರೂ ಸರಿದರು. ಮೇಷ್ಟ್ರು ಮತ್ತೊಮ್ಮೆ ಅವರ ಕಾಲುಗಳನ್ನೂ ನೋಡಿ, ಕಣ್ಣು ತೆಗೆಯದೆಯೇ ಅಂಗೈಯನ್ನು ಮೆಲ್ಲನೆ ಆಡಿಸಿದರು. ಹುಷಾರು, ಹುಷಾರು ಎಂದು ಆ ಬೋಳುತಲೆಗೇ ಹೇಳಿದ ಹಾಗಿತ್ತು. ಮೇಲೆ ಕ್ಯಾಬಿನ್ನಿನಲ್ಲಿ ಯಾರು ಕೂತಿದ್ದಾರೆ ಎಂಬುದು ಅವರ ತಲೆಗೆ ಬರಲೇ ಇಲ್ಲ. ಸುರುಳಿ ಕೂತಿತು.

ಇಷ್ಟು ವರ್ಷ ಮೇಲಿನಿಂದ ತಮಗೆ ಕಂಡದ್ದು ಏನು ಎಂದು ಆಗ ಮೇಷ್ಟ್ರಿಗೆ ಹೊಳೆಯಿತು. ಮೂಕಪ್ಪನ ಕೈ, ಮೂಕಪ್ಪನ ನೆತ್ತಿ. ಅವನ ಮುಖ ಯಾವತ್ತೂ ಕೆಳಗೇ ಇರುತ್ತಿತ್ತು. ನನಗೆಂದೇ ಆಡಿಸುತ್ತಾನೆ ಎಂದುಕೊಂಡಿದ್ದ ಕೈ, ಹೊಂಡದಲ್ಲಿ ಬಗ್ಗಿದವರ ಸಲುವಾಗಿ ಆಡುತ್ತಿತ್ತು. ಅದು ತನ್ನದಾಗಿರಲೇ ಇಲ್ಲ, ಭಾಮೈದ ಕಿತ್ತುಕೊಳ್ಳುವುದಾದರೂ ಏನನ್ನು? ಯೋಚನೆ ಸರಿಯಾಗಿಯೇ ಇತ್ತು. ಸಮಾಧಾನವೇನೂ ತರಲಿಲ್ಲ. ಅಷ್ಟರಲ್ಲಿ ಮುಂದಿನ ಸುರುಳಿ ಬಂತು.

ಕೊನೆಯ ಸುರುಳಿ ಇಳಿದು, ಹೊಂಡದ ಮುಚ್ಚಳ ಹಾಕಿ, ಎಲ್ಲರೂ ದಕ್ಕೆಗೆ ಇಳಿಯುವಾಗ ಉಬ್ಬರ ಇನ್ನೂ ಏರುತ್ತಿತ್ತು. ಪೈಲಟ್ ಹಡಗು ಹತ್ತಿದ್ದರು. ಟಗ್ಗುಗಳು ಹಗ್ಗ ಹಾಕಿಕೊಂಡು ಎಳೆಯಲು ಶುರುಮಾಡಿದವು. ಭಾಮೈದ ಬಂದು ಪಕ್ಕದಲ್ಲಿ ನಿಂತ. ಮುಖ ಊದಿಸಿಕೊಂಡಿದ್ದ.

"ಏನೋ? ಕೆಲಸ ಸರಿಯಾಯ್ತಲ್ಲ?"

"ಸರಿಯಾಯ್ತು ಭಾವ."

"ಮತ್ತೆ?"

"ನೀವು ಒಂದ್ಸಲಾನೂ ನನ್ನ ಕಡೆ ನೋಡ್ಲಿಲ್ಲ. ಮೂಕಪ್ಪಣ್ಣನೂ ನೋಡಲ್ಲ. ಅಷ್ಟು ಚೆನ್ನಾಗಿ ಇಳಿಸ್ತೀನಿ, ಸರಿ ಅಂತ ಒಂದು ತಲೆಯಾದ್ರೂ ಆಡಿಸಬಾರದಾ?"

"ಬೆಣ್ಣೆ ಕೈ ಅಂದ್ನಂತಲ್ಲ?"

"ಅಂದ್ರು ಒಂದ್ಸಲ. ಅವರ ಚಹಾಕ್ಕೂ ಬೆಣ್ಣೆ ಬನ್ನಿಗೂ ನಾನೇ ದುಡ್ಡು ಕೊಟ್ಟಿದ್ದೆ, ಅದಕ್ಕೆ."

ಮೇಷ್ಟ್ರು ಅವನನ್ನು ನೋಡಿದರು. ಇಷ್ಟು ದಿನದ ಮೇಲೆ ಅವನ ಮುಖ ಸರಿಯಾಗಿ ಕಂಡಿತು. ಆಮೇಲೆ ಇಬ್ಬರೂ ಒಟ್ಟಿಗೆ ಚಹಾದಂಗಡಿಯ ಕಡೆ ನೋಡಿದರು. ಅಲ್ಲಿ ಮೂಕಪ್ಪ ಬದಲಿ ಆಪರೇಟರನ ಹೆಗಲ ಮೇಲೆ ಕೈ ಹಾಕಿಕೊಂಡು, ಏನೋ ಹೇಳಿ ಅವನನ್ನು ನಗಿಸುತ್ತಿದ್ದ. ಬದಲಿ ಆಪರೇಟರ್ ಕಣ್ಣೀರು ಬರುವಷ್ಟು ನಗುತ್ತಿದ್ದ.

"ಆ ಬದಲಿಯವನ ಜೊತೆ ಅರ್ಧ ದಿನ ಕೆಲಸ ಮಾಡಿದ್ದಷ್ಟೇ ಅಲ್ವಾ ಭಾವ?" ಅಂದ ಭಾಮೈದ.

"ಅಷ್ಟೂ ಇಲ್ಲ."

"ಸ್ವಲ್ಪಾನೂ ನಾಚಿಕೆ ಇಲ್ಲ ಈ ಮನುಷ್ಯನಿಗೆ."

"ಇಲ್ಲ ಬಿಡು," ಅಂದರು ಮೇಷ್ಟ್ರು. "ನಡಿ, ನಾವು ಬೇರೆ ಅಂಗಡಿಗೆ ಹೋಗೋಣ."